ಮೈಸೂರಿನ ಗಾಡಿ, ಕೋಟೆಬೆಟ್ಟದ ಕೆಸರು

ಮಾದಾಪುರ ದಾಟಿ ಕೋಟೆಬೆಟ್ಟದ ಕಡೆ ಹತ್ತುತ್ತಾ ಹೋದಂತೆ ಟಾರು ಮುಗಿಯಿತು. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ಜೀಪುಗಳು ಕೊರೆದ ಎರಡು ಚರಂಡಿ, ನಡುವೆ ಒಂದಡಿ ಗಟ್ಟಿ ನೆಲ. ಅದರ ಮೇಲೆ ಮಾವನ ಹಳೇ ಯೆಜ್ಡಿ ಬೈಕು ಹೊಗೆ ಬಿಡುತ್ತಾ ಹತ್ತುತ್ತಿತ್ತು. ಎರಡನೇ ತಿರುವಿನಲ್ಲಿ ಕೆಮ್ಮಿ ನಿಂತೇ ಹೋಯಿತು.

ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯೆಲ್ಲ ಎಣ್ಣೆಮಸಿ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕುಶಾಲನಗರದಲ್ಲಿ ನಾನೇ ಸ್ವಲ್ಪ ಜಾಸ್ತಿ ಸುರಿದಿದ್ದೆ. ಎಮರಿ ಪೇಪರಿನಲ್ಲಿ ತಿಕ್ಕುತ್ತಾ ಕೂತಿದ್ದಾಗ ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬಂದರು. ಅರವತ್ತು ದಾಟಿದವರು.

"ಇದು ಮೈಸೂರಿಂದಲ್ವಾ?"

"ಹೌದಣ್ಣ."

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಶುರು, 1973ರಿಂದ ಯೆಜ್ಡಿ ಅನ್ನೋ ಹೆಸರು, 1996ರಲ್ಲಿ ಬೀಗ. ಇಷ್ಟು ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಮಜಾ ಅನ್ನಿಸೋದು ಅದಕ್ಕೂ ಹಿಂದಿನ ಕಥೆ. ಜೆಕ್ ನಾಡಿನ ಫ್ರಾಂಟಿಷೆಕ್ ಯಾನೆಚೆಕ್ ಮೊದಲು ಬಂದೂಕು, ಗ್ರೆನೇಡ್ ಮಾಡುತ್ತಿದ್ದವರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಸುವ ಹಕ್ಕು ಕೊಂಡರು. ಯಾನೆಚೆಕ್‌ನ 'ಯಾ', ವಾಂಡರರ್‌ನ 'ವಾ'. ಅವರ ಬಾಯಲ್ಲಿ ಯಾವಾ, ನಮ್ಮಲ್ಲಿ ಜಾವಾ.

ಆಮೇಲೆ ಕಂಪನಿ ಹೆಸರು ಮಾಡಿದ್ದು ಕೆಸರಿನಲ್ಲೇ. ಸಿಕ್ಸ್ ಡೇಸ್ ಟ್ರಯಲ್ ಅಂತ ಒಂದು ಸ್ಪರ್ಧೆ. ಆರು ದಿನ ಕಾಡು, ಕಲ್ಲು, ಹಳ್ಳ. ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. 1970ರಿಂದ 1974ರವರೆಗೆ ಐದೂ ವರ್ಷ ಟ್ರೋಫಿ ಹೊಡೆದದ್ದು ಜೆಕೊಸ್ಲೊವಾಕಿಯಾ, ಹೆಚ್ಚಾಗಿ ಜಾವಾ ಏರಿ. ಅದೇ ನಾಡಿನ ಇನ್ನೊಂದು ಬೈಕು ಸಿಝಡ್ ಮೇಲೆ 1964ರಲ್ಲಿ ಬೆಲ್ಜಿಯಂನ ಜೋಯೆಲ್ ರೋಬೆರ್ 250 ಸಿಸಿ ಮೋಟೋಕ್ರಾಸ್‌ನಲ್ಲಿ, ಅಂದರೆ ಮಣ್ಣು ದಿಬ್ಬಗಳ ಬೈಕ್ ರೇಸಿನಲ್ಲಿ, ವಿಶ್ವ ಚಾಂಪಿಯನ್ ಆದ. ವಯಸ್ಸು ಬರೀ ಇಪ್ಪತ್ತು!

ನನ್ನದು ಆ ಜಾತಿ ಗಾಡಿ ಅಲ್ಲ, ಒಪ್ಪಿದೆ. ಹಾಲಿನ ಕ್ಯಾನು, ಅಕ್ಕಿ ಮೂಟೆ, ಹೆಂಡತಿ ಮಕ್ಕಳನ್ನು ಹೊತ್ತ ಸಂಸಾರಸ್ಥ ಗಾಡಿ. ಆದರೂ ಈ ಏರು ಕಂಡರೆ ಇದಕ್ಕೆ ಹಳೇ ನೆಂಟಸ್ತಿಕೆ ನೆನಪಾಗುತ್ತದೇನೋ.

"ನಮ್ಮ ಸಾವ್ಕಾರ್ರ ಹತ್ರಾನೂ ಒಂದಿತ್ತು," ಅಂದರು ರೈಟರ್. "ಗೇಟಿನ ಹತ್ರ ಶಬ್ದ ಕೇಳಿದ್ರೆ ಸಾಕು, ಕೂತ ಆಳುಗಳೆಲ್ಲ ಎದ್ದು ಕತ್ತಿ ಹಿಡಿದು ಕೆಲಸಕ್ಕೆ ಇಳೀತಿದ್ರು. ಸದ್ದಿಲ್ಲದ ಗಾಡಿ ತಗೊಂಡ್ರು ನೋಡಿ, ಆಮೇಲೇ ನಮಗೆ ತೊಂದರೆ ಆಗಿದ್ದು."

ಪ್ಲಗ್ ಹಾಕಿದೆ. ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ, ಮೇಲೆ ತಿರುಗಿಸಿದೆ. ಈಗ ಅದೇ ಕಿಕ್ಕರ್. ಎರಡು ಒದೆತಕ್ಕೆ ಏನೂ ಇಲ್ಲ. ಮೂರನೆಯದಕ್ಕೆ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಲಿವರ್ ಮತ್ತೆ ಮುಂದಕ್ಕೆ ಬಿದ್ದು ಗೇರ್ ಆಯಿತು.

"ಮುಂದೆ ಹಳ್ಳ ಇದೆ, ಎಡಕ್ಕೇ ಹಿಡೀರಿ," ಅಂದರು. ಬಲಕ್ಕೆ ಹೋದೆ. ತಳ್ಳೋಕೆ ಅವರೇ ಬರಬೇಕಾಯಿತು.