ಸಕಲೇಶಪುರಕ್ಕೆ ಹೊರಡುವ ಮುಂಚೆ

ಸಕಲೇಶಪುರಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಆಗಸ್ಟ್‌ನಲ್ಲಿ ಹೋಗಿ, ಎರಡು ದಿನ ಹೋಂಸ್ಟೇ ಜಗಲಿಯಲ್ಲಿ ಕೂತು ಮಳೆ ನೋಡಿ ವಾಪಸ್ ಬಂದೆ. ಬೆಟ್ಟ, ಕೋಟೆ, ತೋಟ ಯಾವುದೂ ಕಾಣಲಿಲ್ಲ. ಇಂಬಳ, ಅಂದರೆ ಜಿಗಣೆ, ಮಾತ್ರ ಚೆನ್ನಾಗಿ ಕಂಡವು. ಹಾಗಾಗಿ ಏನು ನೋಡಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ತಿಂಗಳು ಆರಿಸಿ.

ಕಾಫಿ ಕೊಯ್ಲು ನೋಡಬೇಕಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೋಬಸ್ಟಾ ಆಮೇಲೆ. ಕೇಳಿಕೊಂಡು ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳಿ, ಸಿಪ್ಪೆ ಸಿಹಿಯಾಗಿರುತ್ತದೆ. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಮಾತ್ರ ತುಳಿಯಬೇಡಿ. ವರ್ಷದ ದುಡಿಮೆ ಅದು.

ನನಗೆ ಇಷ್ಟವಾದದ್ದು ಹೂವಿನ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದರೆ ವಾರ, ಒಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ. ಮಲ್ಲಿಗೆಯಂಥ ಪರಿಮಳ, ಇರುವುದು ಮೂರ್ನಾಲ್ಕು ದಿನ ಅಷ್ಟೇ. ಈ ದಿನಗಳನ್ನು ಮೊದಲೇ ಬುಕ್ ಮಾಡಲು ಆಗುವುದಿಲ್ಲ. ಹೋಂಸ್ಟೇಯವರಿಗೆ ಫೋನ್ ಮಾಡಿ "ಮಳೆ ಯಾವಾಗ ಬಿತ್ತು?" ಅಂತ ಕೇಳಿ ಹೊರಡಬೇಕು. ಹಾಗೆ ಹೋದ ಮೇಲೂ ತೋಟಕ್ಕೆ ಇಳಿಯಬಹುದಾ ಅಂದಿದ್ದಕ್ಕೆ ಅವರು ನಕ್ಕರು. "ಹೂ ಬಿಟ್ಟಿದೆಯಲ್ಲ ಸಾರ್, ಈಗ ನಾವೇ ಒಳಗೆ ಹೋಗಲ್ಲ. ರೋಡಲ್ಲೇ ನಿಂತು ನೋಡಿ." ನಿಂತು ನೋಡಿದೆವು. ಸಾಕಾಯಿತು.

ಬೆಂಗಳೂರಿನಿಂದ ಸುಮಾರು 220 ಕಿ.ಮೀ. ಹಾಸನದವರೆಗೆ ಚಿಂತೆಯಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವವರು ಮಳೆಗಾಲದಲ್ಲಿ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ, ಗುಡ್ಡ ಕುಸಿದು ಬಂದ್ ಆಗುವುದುಂಟು. ಹೋಂಸ್ಟೇ ಬುಕ್ ಮಾಡುವಾಗ ಇನ್ನೊಂದು ಪ್ರಶ್ನೆ ಕೇಳಿ: ಬಾಗಿಲವರೆಗೆ ಸಣ್ಣ ಕಾರು ಬರುತ್ತಾ? ನಮಗೆ ಯಾರೂ ಹೇಳಿರಲಿಲ್ಲ. ಕೊನೆಯ ಎರಡು ಕಿ.ಮೀ. ಕೆಸರಲ್ಲಿ ಕಾರು ಹೂತು, ಕೊನೆಗೆ ಟ್ರ್ಯಾಕ್ಟರ್ ಬಂದು ಎಳೆಯಿತು.

ಮಂಜರಾಬಾದ್ ಕೋಟೆಯನ್ನು ಬಿಡಬೇಡಿ. ಊರಿಂದ ಐದಾರು ಕಿ.ಮೀ., ಹೆದ್ದಾರಿ ಪಕ್ಕದಲ್ಲೇ. ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರಲ್ಲಿ ಮುಗಿಯಿತು. ಎಂಟು ಮೂಲೆಯ ನಕ್ಷತ್ರದ ಆಕಾರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಳಗೆ ನಿಂತವರಿಗೆ ನಕ್ಷತ್ರ ಕಾಣುವುದಿಲ್ಲ! ಗೋಡೆಯ ಮೇಲೆ ಒಂದು ಸುತ್ತು ಹಾಕಿದರೆ ತಿರುವುಗಳಲ್ಲಿ ಗೊತ್ತಾಗುತ್ತದೆ. ಮೆಟ್ಟಿಲು ಜಾಸ್ತಿ, ಬೆಳಿಗ್ಗೆ ಬೇಗ ಹತ್ತಿ.

ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ರೈಲು ಇನ್ನೊಂದು ಸುಖ. ಸುಮಾರು 55 ಕಿ.ಮೀ.ಗೆ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಹಗಲಿನ ರೈಲೇ ಹಿಡಿಯಿರಿ. ಅದು ಓಡುತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಕೆಲಸ ನಡೆಯುವಾಗ ನಿಲ್ಲಿಸುತ್ತಾರೆ. ಹಿಂದೆ ಹಳಿ ಮೇಲೆ ಚಾರಣ ಹೋಗುತ್ತಿದ್ದರು, ಈಗ ಅದಕ್ಕೆ ಅವಕಾಶವಿಲ್ಲ. ಹಳೆಯ ವಿಡಿಯೋ ನೋಡಿ ಆಸೆಪಡಬೇಡಿ.

ಬಿಸಿಲೆ ಘಾಟಿಗೆ ಹೋಗುವುದಾದರೆ ಅರ್ಧ ದಿನ ಅದಕ್ಕೇ ಇಡಿ. ಆಕಾಶ ತಿಳಿಯಾಗಿದ್ದರೆ ಕುಮಾರ ಪರ್ವತ ಎದುರಿಗೇ ಕಾಣುತ್ತದೆ.

ಆನೆಗಳ ವಿಷಯ ತಮಾಷೆಯಲ್ಲ. ಸಕಲೇಶಪುರ, ಆಲೂರು ಸುತ್ತ ತೋಟಗಳಲ್ಲೇ ಓಡಾಡುತ್ತವೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ವಾಕಿಂಗ್ ಬೇಡ. ಹೋಂಸ್ಟೇಯವರು ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ಊಟಕ್ಕೆ ಕಡುಬು, ಕೋಳಿ ಸಾರು ಬೇಕಾದರೆ ಹಿಂದಿನ ದಿನವೇ ಹೇಳಿಡಿ. ಅಕ್ಕಿರೊಟ್ಟಿ ಹೇಗೂ ಸಿಗುತ್ತದೆ. ಮಳೆಗಾಲದಲ್ಲಿ ಹೋದರೆ ಉಪ್ಪಿನ ಪೊಟ್ಟಣ ಜೇಬಲ್ಲಿರಲಿ, ಇಂಬಳಕ್ಕೆ. ಒಂದಿಷ್ಟು ನಗದೂ ಇರಲಿ, ತೋಟದ ಕಡೆ ನೆಟ್‌ವರ್ಕ್ ನಂಬುವಂತಿಲ್ಲ.

ವಾಪಸ್ ಬರುವಾಗ ಕಾಫಿಪುಡಿ ತರುತ್ತೀರಿ, ಅಲ್ವಾ? ಕಣ್ಣೆದುರೇ ಪುಡಿ ಮಾಡಿಸಿಕೊಳ್ಳಿ. ಚಿಕೋರಿ ಬೇಡವಾದರೆ ಮೊದಲೇ ಹೇಳಿ. ನಾನು ಹೇಳದೆ ಒಂದು ಕೆಜಿ ತಂದು, ಎರಡು ತಿಂಗಳು ಅದನ್ನೇ ಕುಡಿದೆ.