ಮರಳುಗಾಡಿನಲ್ಲಿ ಒಂದು ಒದ್ದೆ ಗೋಡೆ

"ಇದು ನೀವು ಸ್ನಾನ ಮಾಡಿದ ನೀರು ಬೇಟಾ."

ಜೈಸಲ್ಮೇರ್‌ನಿಂದ ವಾಪಸ್ ಬಂದಾಗಿನಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಹೇಳಿದ್ದು ನಮ್ಮ ಹಾಸ್ಟೆಲ್ ಪಕ್ಕದ ಮನೆಯ ಅಜ್ಜಿ. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. ಗೋಡೆ ತೋರಿಸಿದರು, ಅಷ್ಟು ಹೇಳಿದರು, ಮತ್ತೆ ಪೊರಕೆ ಹಿಡಿದು ಬಗ್ಗಿದರು.

ಹಾಸ್ಟೆಲ್ ಇದ್ದದ್ದು ಕೋಟೆಯ ಒಳಗೇ. ಡಾರ್ಮ್‌ನಲ್ಲಿ ಒಂದು ಬೆಡ್‌ಗೆ 400 ರೂಪಾಯಿ. ದಸರಾ ಚೌಕದಿಂದ ಒಂದು ಸಣ್ಣ ಗಲ್ಲಿಯಲ್ಲಿ ಹೋಗಬೇಕು. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ನಿಲ್ಲಬೇಕು, ಹಸು ಬಂದರೆ ಇಬ್ಬರೂ ನಿಲ್ಲಬೇಕು. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಕೋಟೆ ಇದು. ಇವತ್ತಿಗೂ ಒಳಗೆ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಟೆರೇಸ್ ಮೇಲೆ ಕೂತರೆ ಸಂಜೆ ಬಿಸಿಲಿಗೆ ಹಳದಿ ಕಲ್ಲೆಲ್ಲ ಬಂಗಾರ. ಅದನ್ನು ಎಲ್ಲರೂ ಬರೆದಿದ್ದಾರೆ, ಬಿಡಿ.

ಅಜ್ಜಿ ಮನೆಯ ಗೋಡೆ ಬಗ್ಗೆ ಹೇಳಬೇಕು. ಜೈಸಲ್ಮೇರ್‌ನಲ್ಲಿ ಮನೆಯಲ್ಲಿ ಮದುವೆ ಆದರೆ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಬಳಿದು ಗಣೇಶನ ಚಿತ್ರ ಬರೆಸುತ್ತಾರೆ. ಕೆಳಗೆ ಹುಡುಗ ಹುಡುಗಿ ಹೆಸರು, ಮದುವೆ ದಿನಾಂಕ. ಮದುವೆ ಮುಗಿದು ಎಷ್ಟೋ ವರ್ಷವಾದರೂ ಅದು ಹಾಗೇ ಇರುತ್ತೆ. ಅಜ್ಜಿ ಮನೆಯದು ಮೊಮ್ಮಗನ ಮದುವೆಯ ಗಣೇಶ. ಹೊಟ್ಟೆಯವರೆಗೆ ಬಣ್ಣ ಗಟ್ಟಿಯಾಗಿದೆ. ಅದರ ಕೆಳಗೆ, ಇಲಿ ಇದ್ದ ಜಾಗದಲ್ಲಿ, ಸುಣ್ಣ ಉಬ್ಬಿ ಹಕ್ಕಳೆ ಏಳುತ್ತಿದೆ. ಮದುಮಗಳ ಹೆಸರಲ್ಲಿ ಅರ್ಧ ಅಕ್ಷರ ಹೋಗಿವೆ. ಮುಟ್ಟಿದೆ. ತಣ್ಣಗಿತ್ತು. ಬೆರಳು ಎಳೆದ ಕಡೆ ಕಲ್ಲು ಸಕ್ಕರೆ ಥರ ಉದುರಿತು. ಅಜ್ಜಿ ದಿನಾ ಬೆಳಗ್ಗೆ ಗುಡಿಸಿ ಹೊರಗೆ ಹಾಕುವುದು ತಮ್ಮ ಮನೆಯ ಗೋಡೆಯನ್ನೇ.

ತಲೆ ಎತ್ತಿದರೆ ಮೇಲೆ ನಮ್ಮ ಬಾತ್‌ರೂಮಿನ ಪೈಪು. ಜಾಯಿಂಟಿಗೆ ಬಟ್ಟೆ ಸುತ್ತಿ ತಂತಿ ಕಟ್ಟಿದ್ದರು. ಬಟ್ಟೆ ಹಸಿರಾಗಿತ್ತು.

ಈ ಊರಲ್ಲಿ ವರ್ಷಕ್ಕೆ ಬೀಳುವ ಮಳೆ 20 ಸೆಂಟಿಮೀಟರ್ ಆಸುಪಾಸು. ಕೋಟೆ ಕಟ್ಟಿದವರು ಆ ಲೆಕ್ಕಕ್ಕೇ ಕಟ್ಟಿದ್ದರು. ಕುಡಿಯಲು ಗಡಿಸರ್ ಕೆರೆಯಿಂದ ಹೆಂಗಸರು ಕೊಡ ಹೊತ್ತು ಬೆಟ್ಟ ಹತ್ತಬೇಕಿತ್ತು. ತಲೆ ಮೇಲೆ ಹೊತ್ತು ತಂದ ನೀರನ್ನು ಯಾರಾದರೂ ಚೆಲ್ಲುತ್ತಾರಾ? ಆಮೇಲೆ ನಲ್ಲಿ ಬಂತು, ಟೂರಿಸ್ಟ್‌ಗಳು ಬಂದರು, ಮನೆಗಳು ಗೆಸ್ಟ್‌ಹೌಸ್ ಆದವು, ರೂಮಿಗೊಂದು ಬಾತ್‌ರೂಮ್ ಆಯಿತು. ಕೋಟೆ ನಿಂತಿರುವ ತ್ರಿಕೂಟ ಬೆಟ್ಟ ಒಂದೇ ಗಟ್ಟಿ ಬಂಡೆಯಲ್ಲ. ಮರಳುಗಲ್ಲಿನ ನಡುವೆ ಜೇಡಿಮಣ್ಣಿನ ಪದರಗಳಿವೆ. ನೀರು ಇಳಿದರೆ ಮಣ್ಣು ಮೆತ್ತಗಾಗಿ ಜಾರುತ್ತೆ, ಮೇಲಿನ ಗೋಡೆ, ಬುರುಜು ಕೂತುಬಿಡುತ್ತವೆ. 1996ರಲ್ಲೇ ಹಳೆಯ ಸ್ಮಾರಕಗಳನ್ನು ಉಳಿಸಲು ಕೆಲಸ ಮಾಡುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ರಾಜಸ್ಥಾನದ ಬೆಟ್ಟದ ಕೋಟೆಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಬಂತು. ಎಷ್ಟೊಂದು ದಾಳಿ ಕಂಡ ಕೋಟೆಯನ್ನು ಶವರ್ ನೀರು ಕರಗಿಸುತ್ತಿದೆ ಅಂದರೆ ಹೊಟ್ಟೆ ಉರಿಯುತ್ತೆ.

ಹಾಸ್ಟೆಲ್ ನಡೆಸುವ ಹುಡುಗನನ್ನು ಕೇಳಿದೆ. ಒಳ್ಳೆ ಹುಡುಗ. ಇದೇ ಕೋಟೆಯಲ್ಲಿ ಹುಟ್ಟಿದವನು. ಸಫಾರಿ ತಗೊಳ್ಳಿ ಅಂತ ಒಂದು ಸಲವೂ ಪೀಡಿಸಲಿಲ್ಲ. ಆ ಊರಲ್ಲಿ ಅದು ದೊಡ್ಡ ಮಾತು. ಕೆಲವು ಕಡೆ ರೂಮ್ ಅಗ್ಗಕ್ಕೆ ಕೊಡುವುದೇ ಒಂಟೆ ಸಫಾರಿ ಮಾರಲಿಕ್ಕೆ. ಅವನು ಹೇಳಿದ: "ದೀದಿ, ಗೋಡೆ ಒಡೆದು ಪೈಪ್ ಸರಿ ಮಾಡಿಸಬೇಕು ಅಂದರೆ ಪುರಾತತ್ವ ಇಲಾಖೆ ಪರ್ಮಿಷನ್ ಬೇಕು. ಅದು ಬರೋದ್ರೊಳಗೆ ಸೀಸನ್ ಮುಗಿಯುತ್ತೆ." ಆಮೇಲೆ ಫೋನ್ ತೆಗೆದು ಒಂದು ರಿವ್ಯೂ ತೋರಿಸಿದ. ಯಾರೋ ಎರಡು ಸ್ಟಾರ್ ಕೊಟ್ಟಿದ್ದರು. ನೀರಿನ ಪ್ರೆಷರ್ ಕಮ್ಮಿ ಅಂತ. ಅದನ್ನು ನೋಡಿ ಅವನು ದೊಡ್ಡ ಮೋಟಾರ್ ಹಾಕಿಸಿದ್ದಾನೆ.

ನನ್ನ ಸಿಟ್ಟು ಅವನ ಮೇಲಿಲ್ಲ. ಆ ಎರಡು ಸ್ಟಾರ್ ಮೇಲಿದೆ. ಡಾರ್ಮ್‌ನಲ್ಲಿ ನನ್ನ ಮೇಲಿನ ಬಂಕ್‌ನಲ್ಲಿದ್ದ ಹುಡುಗಿ ಸಮ್ ಮರಳುದಿಬ್ಬಕ್ಕೆ ಹೋಗಿ ಬಂದವಳು ಶವರ್ ಕೆಳಗೆ ನಿಂತು ಹಾಡೇ ಮುಗಿಸಲಿಲ್ಲ. ಹೊರಗೆ ಬಂದು, "ಮರಳುಗಾಡಲ್ಲೂ ಇಷ್ಟು ಚೆನ್ನಾಗಿ ನೀರು ಬರುತ್ತಲ್ಲ!" ಅಂತ ಖುಷಿಪಟ್ಟಳು. ಅದೇ ಹೊತ್ತಿಗೆ ಕೆಳಗೆ ಆ ಗಣೇಶನ ಗೋಡೆ ಮೇಲೆ ನೀರು ಇಳಿಯುತ್ತಿತ್ತು. ನನಗೆ ಅವಳ ಖುಷಿ ಸಹಿಸಲಾಗಲಿಲ್ಲ. ಅವಳಿಗೆ ಹೇಳಿದೆ. ಅವಳು ನಿಜಕ್ಕೂ ಬೇಜಾರು ಮಾಡಿಕೊಂಡಳು, ಅಷ್ಟೇ.

ಕೋಟೆಯಲ್ಲಿ ಇರುವವರನ್ನೇ ಕೆಳಗೆ ಕಳಿಸಿಬಿಡಬೇಕು ಅನ್ನುವವರಿದ್ದಾರೆ. ಅದು ನನಗೆ ಖಂಡಿತ ಒಪ್ಪಿಗೆ ಇಲ್ಲ. ಅಜ್ಜಿ ಮದುವೆಯಾಗಿ ಆ ಮನೆಗೆ ಬಂದವರು. ಅವರು ಒಂದು ಬಕೆಟ್ ನೀರಲ್ಲಿ ಸ್ನಾನ ಮಾಡಿ, ಪಾತ್ರೆ ತೊಳೆದ ನೀರು ತುಳಸಿಗೆ ಹಾಕುತ್ತಾರೆ. ಮೊದಲು ಇಳಿಯಬೇಕಾದದ್ದು ನಾವು. ಗೋಡೆಯ ಹೊರಗೆ, ಕೆಳಗಿನ ಊರಲ್ಲಿ, ಇದೇ ದುಡ್ಡಿಗೆ ಬೇಕಾದಷ್ಟು ಹಾಸ್ಟೆಲ್‌ಗಳಿವೆ. ನಡೆದು ಹತ್ತಿ ಬಂದು, ಕೋಟೆ ನೋಡಿ, ಅಲ್ಲೇ ಊಟ ಮಾಡಿ, ಅಂಗಡಿಯಲ್ಲಿ ಏನಾದರೂ ಕೊಂಡು ಇಳಿಯಬಹುದು. ಮಲಗಲು, ಮೀಯಲು ಕೋಟೆಯೇ ಯಾಕೆ?

ಇದನ್ನೇ ಮೊನ್ನೆ ರಿವ್ಯೂನಲ್ಲಿ ಬರೆದೆ. ಬೆಡ್ ಸ್ವಚ್ಛ, ಹುಡುಗ ಒಳ್ಳೆಯವನು, ಚಹಾ ಚೆನ್ನಾಗಿದೆ, ಆದರೆ ಕೆಳಗೆ ಉಳಿಯಿರಿ, ಕಾರಣ ಇದು, ಅಂತ. ನಿನ್ನೆ ಅವನ ಮೆಸೇಜ್ ಬಂತು: "ದೀದಿ, ನೀವು ಬರೆದಿದ್ದು ನಿಜ. ಆದರೆ ಸೀಸನ್ ಮುಗಿಯುವವರೆಗೆ ತೆಗೆದಿಡ್ತೀರಾ?"

ಪರ್ಮಿಷನ್‌ಗೆ ಅರ್ಜಿ ಹಾಕು, ಹಾಕಿದೆ ಅಂತ ತೋರಿಸು, ಅದನ್ನೂ ಅಲ್ಲೇ ಬರೆಯುತ್ತೇನೆ ಅಂತ ಉತ್ತರ ಕಳಿಸಿದ್ದೇನೆ. ರಿವ್ಯೂ ತೆಗೆದಿಲ್ಲ.