ಒಂಟಿ ಕಾಯಿಗೆ ಎಷ್ಟು ಹೆದರಬೇಕು?

ಎರಡು ದಾಳ ಎಸೆದು ಹದಿನೈದು ಕಾಯಿಗಳನ್ನು 24 ಮನೆಗಳಲ್ಲಿ ನಡೆಸಿ ಹೊರತೆಗೆಯುವ ಬ್ಯಾಕ್‌ಗ್ಯಾಮನ್ ಆಟದಲ್ಲಿ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂಟಿ ಕಾಯಿಯ, ಅಂದರೆ ಮನೆಯೊಂದರಲ್ಲಿ ಜೊತೆಯಿಲ್ಲದೆ ನಿಂತು ಎದುರಾಳಿಯ ಹೊಡೆತಕ್ಕೆ ಸಿಗುವ ಕಾಯಿಯ ಭಯ. ಚೌಕಾಬಾರ ಆಡಿ ಬಂದ ನಮ್ಮವರಲ್ಲಿ ಈ ಭಯ ಇನ್ನೂ ತುಸು ಹೆಚ್ಚೇ ಇರುತ್ತದೆ, ಏಕೆಂದರೆ ಅಲ್ಲಿ ಕಾಯಿ ಹೊಡೆಸಿಕೊಂಡರೆ ಮೊದಲಿನಿಂದ ಸುತ್ತಬೇಕು. ಬ್ಯಾಕ್‌ಗ್ಯಾಮನ್‌ನಲ್ಲೂ ಹಾಗೆಯೇ, ಆದರೆ ನಷ್ಟ ಎಷ್ಟೆಂಬುದು ಕಾಯಿ ನಿಂತಿದ್ದ ಮನೆಯನ್ನು ಅವಲಂಬಿಸಿದೆ. ಎದುರಾಳಿಯ ಅಂಗಳದ (ಅವನ ಕೊನೆಯ ಆರು ಮನೆಗಳ) ತುದಿಯಲ್ಲಿ, ಅಂದರೆ ಹೊರಹೋಗುವ ಕಡೆಯಿಂದ ಎಣಿಸುವ ನಮ್ಮ ಲೆಕ್ಕದ 24ನೆಯ ಮನೆಯಲ್ಲಿ ಹೊಡೆಸಿಕೊಂಡರೆ ಹೋಗುವುದು ಒಂದೇ ಹೆಜ್ಜೆ. ನಮ್ಮದೇ 5ನೆಯ ಮನೆಯಲ್ಲಾದರೆ 20 ಹೆಜ್ಜೆ. ಆಟದ ಆರಂಭದಲ್ಲಿ ಹದಿನೈದು ಕಾಯಿಗಳೂ ಸೇರಿ ನಡೆಯಬೇಕಾದ ದೂರ 167 ಹೆಜ್ಜೆ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ.

ಇನ್ನು ಹೊಡೆತ ಬೀಳುವ ಸಂಭವ. ಎರಡು ದಾಳಗಳು 36 ಬಗೆಯಲ್ಲಿ ಬೀಳುತ್ತವೆ. ನಡುವೆ ತಡೆಯಿಲ್ಲದಿದ್ದರೆ, ಎದುರಾಳಿಯ ಕಾಯಿಯಿಂದ ಒಂದು ಮನೆ ದೂರದಲ್ಲಿರುವ ಒಂಟಿ ಕಾಯಿಗೆ 11 ಬಗೆಯಲ್ಲಿ ಪೆಟ್ಟು ಬೀಳಬಹುದು. ಆರು ಮನೆ ದೂರದಲ್ಲಿ ಅದು 17ಕ್ಕೆ ಏರುತ್ತದೆ, ಏಳಕ್ಕೆ ಹೋದೊಡನೆ 6ಕ್ಕೆ ಕುಸಿಯುತ್ತದೆ. ಆದ್ದರಿಂದ ಒಂಟಿ ಕಾಯಿಯನ್ನು ಬಿಡಲೇಬೇಕಾದಾಗ ತೀರ ಹತ್ತಿರ ಬಿಡಬೇಕು, ಇಲ್ಲವೇ ಆರರ ಆಚೆಗೆ ಸರಿಸಬೇಕು.

ಹೊಡೆಸಿಕೊಂಡ ಕಾಯಿ ಮತ್ತೆ ಒಳಗೆ ಬರಬಲ್ಲದೇ ಎಂಬ ಪ್ರಶ್ನೆಯನ್ನು ಮಾತ್ರ ಬಹಳಷ್ಟು ಮಂದಿ ಕೇಳಿಕೊಳ್ಳುವುದೇ ಇಲ್ಲ. ಅದು ಎದುರಾಳಿಯ ಅಂಗಳದ ಮೂಲಕವೇ ಒಳಬರಬೇಕು; ಅವನ ಎರಡು ಅಥವಾ ಹೆಚ್ಚು ಕಾಯಿಗಳಿರುವ ಮನೆ ಅದಕ್ಕೆ ಮುಚ್ಚಿದಂತೆ. ಆಟದ ಮೊದಲಲ್ಲಿ ಎದುರಾಳಿಯ ಅಂಗಳದಲ್ಲಿ ಮುಚ್ಚಿರುವುದು ಒಂದೇ ಮನೆಯಾದ್ದರಿಂದ ಕಾಯಿ ಹೊರಗೇ ಉಳಿಯುವುದು 36ರಲ್ಲಿ ಒಮ್ಮೆ ಮಾತ್ರ. ಐದು ಮನೆಗಳು ಮುಚ್ಚಿದ ಮೇಲೆ 25 ಬಾರಿ. ಧೈರ್ಯವನ್ನೆಲ್ಲ ಆರಂಭದಲ್ಲೇ ಖರ್ಚು ಮಾಡಬೇಕೆಂದು ನಾನು ವಾದಿಸುವುದು ಇದಕ್ಕಾಗಿ.

ಆ ಧೈರ್ಯಕ್ಕೆ ಸಿಗಬಹುದಾದ ಪ್ರತಿಫಲವೆಂದರೆ 5ನೆಯ ಮನೆ. ಮೊದಲ ಎಸೆತದಲ್ಲೇ 3-1 ಬಿದ್ದರೆ 8ರಿಂದ ಒಂದು, 6ರಿಂದ ಒಂದು ಕಾಯಿ ತಂದು ಅದನ್ನು ಕಟ್ಟಿಬಿಡಬಹುದು. ಇದರಲ್ಲಿ ಚರ್ಚೆಯೇ ಇಲ್ಲ. ಚರ್ಚೆಯಿದ್ದದ್ದು 2-1, 4-1, 5-1 ಬಿದ್ದಾಗ. ಹಿಂದಿನ ಪರಿಣತರು ಆ ಒಂದನ್ನು ಬಳಸಿ 6ರಿಂದ 5ಕ್ಕೆ ಒಂಟಿ ಕಾಯಿಯನ್ನಿಳಿಸಿ, 15 ಬಗೆಯ ಹೊಡೆತಗಳಿಗೆ ಎದೆಯೊಡ್ಡುತ್ತಿದ್ದರು. 1990ರ ದಶಕದಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ರೂಪಿಸಿದ, ತನ್ನೊಡನೆ ತಾನೇ ಆಡಿ ಕಲಿತ ಟಿಡಿ-ಗ್ಯಾಮನ್ ಎಂಬ ಪ್ರೋಗ್ರಾಂ ಮಾತ್ರ ಹಿಂದಿನ ಕಾಯಿಯನ್ನು 24ರಿಂದ 23ಕ್ಕೆ ಸರಿಸುವುದೇ ಮೇಲೆಂದು ತೋರಿಸಿತು, ಪರಿಣತರೂ ಬಹುಮಟ್ಟಿಗೆ ಅದನ್ನೇ ಅನುಸರಿಸಿದರು. ಆದರೂ 2-1ಕ್ಕೆ ಹಳೆಯ ನಡೆಯೇ ನನಗಿಷ್ಟ. ಆಟ ಬೇಗ ರಂಗೇರುತ್ತದೆ.

ಧೈರ್ಯದ ಇನ್ನೊಂದು ಲೆಕ್ಕ ಪಣದ್ದು. ಪಣವನ್ನು ಇಮ್ಮಡಿಗೊಳಿಸುವ ಡಬ್ಲಿಂಗ್ ಕ್ಯೂಬ್ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿಕೊಂಡದ್ದು. ಎದುರಾಳಿ ಕ್ಯೂಬ್ ಮುಂದೊಡ್ಡಿದಾಗ ನಿರಾಕರಿಸಿದರೆ ಆಟ ಅಲ್ಲಿಗೇ ಮುಗಿದು ಒಂದು ಅಂಕ ಹೋಗುತ್ತದೆ, ಒಪ್ಪಿಕೊಂಡರೆ ಪಣ ಎರಡು ಅಂಕವಾಗುತ್ತದೆ. ಇಂಥ ನಾಲ್ಕು ಆಟಗಳಲ್ಲಿ ನಾಲ್ಕೂ ಬಾರಿ ನಿರಾಕರಿಸಿದರೆ ನಾಲ್ಕು ಅಂಕ ಹೋಗುತ್ತವೆ; ಒಪ್ಪಿಕೊಂಡು ನಾಲ್ಕರಲ್ಲಿ ಒಂದನ್ನು ಗೆದ್ದರೆ ಬರುವುದು ಎರಡು, ಹೋಗುವುದು ಆರು, ಅಂದರೆ ನಷ್ಟ ಅದೇ ನಾಲ್ಕು. ಹೀಗಾಗಿ ಗೆಲ್ಲುವ ಸಾಧ್ಯತೆ ಶೇ. 25ಕ್ಕಿಂತ ಹೆಚ್ಚಿದ್ದರೆ ಒಪ್ಪಿಕೊಳ್ಳುವುದೇ ಸರಿ. ಒಂದು ಕಾಯಿಯನ್ನೂ ಹೊರತೆಗೆಯಲಾಗದೆ ಸೋತು ದುಪ್ಪಟ್ಟು ತೆರುವ ಅಪಾಯ ಎದುರಿಗಿದ್ದರೆ ಮಾತ್ರ ಈ ಶೇ. 25 ಸಾಲದು.